ಮೇನಕಕ್ಕನ ಗಾಂಧಾರ

ತೊಪ್ಪೂರು ಘಾಟಿ ಇಳಿದರೆ ಸಿಗುವ ಸಂಗೀತ ಶಾಲೆಯ ಹಾಸ್ಟೆಲಿನಲ್ಲಿ ವಾರ್ಡನ್ ಮೇನಕಕ್ಕನಿಗೆ ಹೆದರದ ಗಂಟಲಿಲ್ಲ. ಐಸ್‌ಕ್ರೀಮಿನ ಹೆಸರೆತ್ತಿದರೂ ಸಾಕು, ಮೆಣಸಿನ ಕಷಾಯದ ಲೋಟ ಹಿಡಿದು ಎದುರಿಗೆ ಪ್ರತ್ಯಕ್ಷ. ಚಳಿಗಾಳಿ ಬೀಸಿತೆಂದರೆ ಮಕ್ಕಳಿಗಿರಲಿ, ವೀಣೆಗಳಿಗೂ ಮಫ್ಲರ್ ಸುತ್ತುವವಳು. ಬೆಳಗಿನ ಸಾಧಕದ ಹೊತ್ತಿಗೆ ಕೋಣೆಕೋಣೆಗೂ ಕಿವಿಗೊಟ್ಟು ನಡೆಯುತ್ತಾಳೆ. ಎಲ್ಲಿ ಶ್ರುತಿಪೆಟ್ಟಿಗೆ ಮಾತ್ರ ಮೊರೆಯುತ್ತಾ ಹಾಡು ಕೇಳಿಸುವುದಿಲ್ಲವೋ, ಅಲ್ಲಿ ಯಾವುದೋ ಮಗು ಮನೆ ನೆನೆದು ಅಳುತ್ತಿದೆ ಎಂದೇ ಲೆಕ್ಕ. ಒಳಗೆ ಹೋಗಿ, ಸಮಾಧಾನದ ಮಾತೊಂದನ್ನೂ ಆಡದೆ ಚಕ್ಕಂಬಕ್ಕಳ ಹಾಕಿ ಕೂತು, "ನಂಗೂ ಸರಳೆ ವರಸೆ ಏಳ್ಕೊಡು ಕಣ್ಣು, ಈ ಗಾಂಧಾರ ನಿಲ್ತಾನೇ ಇಲ್ವಲ್ಲ" ಎಂದು ಕತ್ತೆಯೂ ನಾಚುವಂಥ ಅಪಸ್ವರ ತೆಗೆಯುತ್ತಾಳೆ. ತಿದ್ದುತ್ತಾ ತಿದ್ದುತ್ತಾ ಮಗು ನಕ್ಕುಬಿಡುತ್ತದೆ. ಪಾಲಕೋಡಿನ ಪ್ರಣತಿಯೂ ಹಾಗೇ ನಕ್ಕು ಈ ಶಾಲೆಯಲ್ಲಿ ಉಳಿದವಳು. ಮೊನ್ನೆ ಅವಳು ಬಟ್ಟೆ ಒಣಹಾಕಲು ಮಹಡಿ ಹತ್ತಿದಾಗ, ಬೆನ್ನು ತಿರುಗಿಸಿ ಹಪ್ಪಳ ಹರವುತ್ತಿದ್ದ ಮೇನಕಕ್ಕ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಗಾಂಧಾರ ಒಂದಿಷ್ಟೂ ಅಲುಗದೆ ನಿಂತಿತ್ತು. ಕಾಲ ಸಪ್ಪಳಕ್ಕೆ ತಿರುಗಿ ನೋಡಿದ್ದೇ ತಡ, ಸ್ವರ ಜಾರಿಬಿತ್ತು. ಪ್ರಣತಿ ನಗು ನುಂಗಿಕೊಂಡು ಬಕೆಟ್ ಕೆಳಗಿಟ್ಟು, "ಅಯ್ಯೋ ಅಕ್ಕಾ, ಮತ್ತೆ ತಪ್ಪು! ಬಾ, ಏಳ್ಕೊಡ್ತೀನಿ" ಎಂದು ಪಕ್ಕದಲ್ಲಿ ಕೂತಳು.