ಲೈಟಕ್ಕ ಆರಿಸಿದ ಆಫೀಸು

ಪೈಪು, ನಲ್ಲಿಗಳ ಸಗಟು ಅಂಗಡಿಯಲ್ಲಿ ಬಿಲ್ಲು ಮಾಡುವ ಅವರನ್ನು ಎಲ್ಲರೂ ಲೈಟಕ್ಕ ಎಂದೇ ಕರೆಯುತ್ತಾರೆ. ಸಂಜೆ ಉಳಿದವರು ಚಪ್ಪಲಿ ಮೆಟ್ಟುವ ಹೊತ್ತಿಗೆ ಅವರು ಕೋಣೆ ಕೋಣೆಗೂ ಹೋಗಿ ಫ್ಯಾನು, ದೀಪ, ಕಂಪ್ಯೂಟರು ಎಲ್ಲವನ್ನೂ ಆರಿಸುತ್ತಿದ್ದರು. ಯಾರೂ ವಹಿಸಿದ ಕೆಲಸವಲ್ಲ. ಒಂದು ದೀಪ ಉರಿಯುವುದನ್ನು ಬಿಟ್ಟು ಬಂದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ಲೈಟಕ್ಕ ಗೋದಾಮಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ ಮೇಲೆ ಮನೆಯಿಂದಲೇ ಕೆಲಸ ಮಾಡಲು ಯಜಮಾನರು ಅರೆಮನಸ್ಸಿನಿಂದ ಒಪ್ಪಿದರು. ಊರೂರು ಸುತ್ತುವ ಮಾರಾಟದವರಿಗೂ ಆಗಲೇ ಈ ವ್ಯವಸ್ಥೆಯಾಯಿತು. ಬಿಲ್ಲಿನ ಸಾಫ್ಟ್‌ವೇರ್ ಇರುವುದು ಆಫೀಸಿನ ಸರ್ವರ್‌ನಲ್ಲಿ. ಯಾರು ಎಲ್ಲಿ ಕೂತು ಮಾಡಿದರೂ ಅದರೊಳಗೇ ಕೆಲಸ. ಮನೆಯ ಪರದೆಯಲ್ಲಿ ಕಾಣುವುದು ಅದರ ಚಿತ್ರ ಮಾತ್ರ.

"ನೋಡೋಣ. ಸರಿಹೋಗಲಿಲ್ಲ ಅಂದ್ರೆ ಬೇರೆಯವರನ್ನ ಇಟ್ಕೋಬೇಕಾಗುತ್ತೆ" ಎಂದಿದ್ದರು ಯಜಮಾನರು. ಆ ಮಾತು ಲೈಟಕ್ಕನ ಎದೆಯಲ್ಲಿ ಕೂತೇ ಇತ್ತು.

ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ದಿಂಬಿಗೊರಗಿ ಅವರು ಬಿಲ್ಲು ಮಾಡಿದರು. ಒಂದು ತಪ್ಪೂ ಬರಲಿಲ್ಲ. ಆದರೆ ದಿನಾ ಸಂಜೆ, ಮಾರಾಟದವರು ಆರ್ಡರ್ ಹಾಕುತ್ತಿರುವಾಗಲೇ ಸರ್ವರ್ ನಿಂತುಹೋಗುತ್ತಿತ್ತು. ಅರ್ಧ ಹಾಕಿದ ಆರ್ಡರುಗಳು ಮಾಯ. ಸರ್ವರ್ ನೋಡಿಕೊಳ್ಳುವ ತಂತ್ರಜ್ಞ ವೈರು ಬದಲಿಸಿದ, ಬ್ಯಾಟರಿ ಬದಲಿಸಿದ. ಕೊನೆಗೆ ಯಜಮಾನರ ತಾಳ್ಮೆ ತಪ್ಪಿತು. ಸೋಮವಾರದಿಂದ ಎಲ್ಲರೂ ಆಫೀಸಿಗೇ ಬರಬೇಕು ಎಂದರು. ಲೈಟಕ್ಕನಿಗೆ ಬಚ್ಚಲಿಗೆ ಹೋಗಲೂ ಮಗಳ ಹೆಗಲು ಬೇಕಿತ್ತು.

ಮರುದಿನ ಸಂಜೆ ತಂತ್ರಜ್ಞ ಫೋನ್ ಮಾಡಿದ. "ಅಕ್ಕಾ, ಒಬ್ಬೊಬ್ಬರನ್ನೇ ಕೇಳ್ತಾ ಬರ್ತಿದ್ದೀನಿ. ಕೆಲಸ ಹೇಗೆ ಮುಗಿಸ್ತೀರಿ, ಸ್ವಲ್ಪ ಹೇಳಿ."

"ಎಲ್ಲ ಸೇವ್ ಮಾಡ್ತೀನಿ. ಆಮೇಲೆ ನೀಟಾಗಿ ಶಟ್ ಡೌನ್ ಒತ್ತಿ..."

"ಅಯ್ಯೋ, ಒತ್ತಬೇಡಿ ಅಕ್ಕಾ."

"ಒತ್ತಿಯಾಯ್ತಲ್ಲಪ್ಪ."

ಪರದೆ ಕಪ್ಪಾಯಿತು. ಫೋನಿನ ಆ ಬದಿಯಲ್ಲಿ ಯಾರೋ "ಮತ್ತೆ ಹೋಯ್ತು" ಎಂದು ಗೊಣಗುವುದು ಕೇಳಿಸಿತು.

"ಅದು ನಿಮ್ಮ ಮನೆ ಕಂಪ್ಯೂಟರ್ ಅಲ್ಲ, ಸರ್ವರ್. ನೀವು ಆರಿಸಿದ್ರೆ ಎಲ್ಲರದ್ದೂ ಆರುತ್ತೆ" ಎಂದ ತಂತ್ರಜ್ಞ. "ಆ ಗುಂಡಿ ನಿಮ್ಮ ಕೈಗೆ ಸಿಗಲೇಬಾರದಿತ್ತು. ಅವಸರದಲ್ಲಿ ನಾನೇ ಬಿಟ್ಟಿದ್ದೀನಿ, ಈಗಲೇ ತೆಗೀತೀನಿ. ಯಜಮಾನರಿಗೆ ಏನೋ ಒಂದು ಹೇಳಿದ್ರಾಯ್ತು."

"ಅಮ್ಮಾ, ಇಷ್ಟು ದಿನ ಅಂಗಡಿಗೇ ಬಾಗಿಲು ಹಾಕ್ತಿದ್ಯಾ?" ಎಂದಳು ಮಗಳು, ನಗು ತಡೆಯಲಾರದೆ.

ಲೈಟಕ್ಕ ನಗಲಿಲ್ಲ. ಏನೋ ಒಂದು ಹೇಳಿದರೆ ಯಜಮಾನರು ನಂಬುವವರಲ್ಲ, ಸೋಮವಾರದ ಮಾತೂ ಬದಲಾಗುವುದಿಲ್ಲ. ನಿಜ ಹೇಳಿದರೆ ಮಾರಾಟದವರ ಪಾಡು ಸರಿಹೋದೀತು. ತಮ್ಮ ಕೆಲಸದ ಗತಿ ಗೊತ್ತಿಲ್ಲ. ಒಂದು ಲೋಟ ನೀರು ಕುಡಿದು ತಾವೇ ಯಜಮಾನರ ನಂಬರು ಒತ್ತಿದರು.

"ಸರ್, ದಿನಾ ಸರ್ವರ್ ಆರಿಸ್ತಿದ್ದದ್ದು ನಾನು. ಗೊತ್ತಿಲ್ಲದೆ ಆಯ್ತು. ಮಿಕ್ಕವರನ್ನ ಇದಕ್ಕೋಸ್ಕರ ಕರೆಸಬೇಡಿ."

"ನೀವು ಮನೇಲಿ ಕೂತಾಗಿಂದ ಇಲ್ಲಿ ರಾತ್ರಿ ಒಂದು ಫ್ಯಾನೂ ನಿಂತಿಲ್ಲ" ಎಂದರು ಯಜಮಾನರು. "ನಾನು ಬೆಳಿಗ್ಗೆ ಬಂದು ಆರಿಸ್ತಿದ್ದೀನಿ. ಇಲ್ಲಿ ಆರಿಸೋರಿಲ್ಲ, ಅಲ್ಲಿಂದ ನೀವು ಆರಿಸ್ತೀರಿ."

"ಸೋಮವಾರ, ಸರ್?"

"ಕಾಲು ಸರಿಹೋಗೋವರೆಗೂ ಅಲ್ಲಿಂದಲೇ ಮಾಡಿ. ಅವರೂ ಇದ್ದಲ್ಲೇ ಇರಲಿ."

ಸೋಮವಾರ ಸಂಜೆ ಲೈಟಕ್ಕ ಹುಡುಕಿದರು. ಶಟ್ ಡೌನ್ ಇರಲಿಲ್ಲ. ಹೊರಬರುವ ಗುಂಡಿಯಷ್ಟೇ ಇತ್ತು. ಅದನ್ನೊತ್ತಿ ಬಂದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಗೋದಾಮಿನವನಿಗೆ ಫೋನ್ ಮಾಡಿದರು.

"ಮೇಲಿನ ಕೋಣೆ ಫ್ಯಾನು ಆರಿಸಿದ್ರಾ?"

"ಆರಿಸಿದ್ವಿ ಅಕ್ಕಾ. ಸರ್ವರ್ ಒಂದು ಬಿಟ್ಟಿದ್ದೀವಿ, ಪರವಾಗಿಲ್ವಾ?"

"ಇರಲಿ ಬಿಡು" ಎಂದು ಲೈಟಕ್ಕ ಊಟಕ್ಕೆ ತಟ್ಟೆ ತರಲು ಮಗಳನ್ನು ಕೂಗಿದರು.