ನಿಂತ ಜಾಗ ಬಿಡಬೇಡಿ

ನಮ್ಮ ದೊಡ್ಡಮ್ಮ ಗಂಗುಲಮ್ಮನಿಗೆ ಬಸ್ಸಿನಲ್ಲಿ ಸೀಟು ಕೊಡುವುದು ದಂಡ. ಗೌರಿಬಿದನೂರಿನಿಂದ ನಗರಗೆರೆಗೆ ಬರುವಾಗ ಊರು ಇನ್ನೂ ಎಲ್ಲೋ ಇರುವಾಗಲೇ ಎದ್ದು, ಬ್ಯಾಗು ಹೆಗಲಿಗೇರಿಸಿ, ಬಾಗಿಲ ಹತ್ತಿರ ಹೋಗಿ ಕಂಡಕ್ಟರನ ಪ್ರಾಣ ತಿನ್ನುತ್ತಾಳೆ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತು ಉಣ್ಣುವುದಕ್ಕಿಂತ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಡಿಸುವುದೇ ಅವಳಿಗೆ ಸುಖ. ಕುಂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ ಅನ್ನುವ ಮಾತು ಅವಳನ್ನು ನೋಡಿಯೇ ಹುಟ್ಟಿರಬೇಕು ಎಂದು ನಮ್ಮಮ್ಮ, ಅಂದರೆ ಅವಳ ತಂಗಿ, ಬೈಯುತ್ತಿರುತ್ತಾಳೆ. ನಾನು ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲ್ ಟೀಚರ್. ದಿನವಿಡೀ ‘ಕೂತ್ಕೊಳ್ಳಿ, ಕೂತ್ಕೊಳ್ಳಿ’ ಎನ್ನುವುದೇ ನನ್ನ ಕೆಲಸ. ಇವಳ ಮುಂದೆ ಮಾತ್ರ ನನ್ನ ಟೀಚರಿಕೆ ನಡೆಯುವುದಿಲ್ಲ.

ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆಯವಳಾಗಿದ್ದು, ಸಾವಿರಾರು ಮಕ್ಕಳಿಗೆ ಮುದ್ದೆ ಕಟ್ಟಿ ರಿಟೈರ್ ಆದಳು. ಆಮೇಲೆ ಬೇರೆಯವರಾದರೆ ಮೊಮ್ಮಕ್ಕಳನ್ನು ಆಡಿಸಿಕೊಂಡು ಇರುತ್ತಿದ್ದರು. ಇವಳು ವರ್ಷಕ್ಕೊಂದು ಸಲ ಕೇರಿಯವರನ್ನು ಕಟ್ಟಿಕೊಂಡು ದೊಡ್ಡ ಊರು ತೋರಿಸಲು ಹೊರಡತೊಡಗಿದಳು. ಮೈಸೂರಾಯಿತು, ಹೈದರಾಬಾದಾಯಿತು, ಮದ್ರಾಸಾಯಿತು. ಅವಳ ಬಾಯಲ್ಲಿ ಚೆನ್ನೈ ಇನ್ನೂ ಮದ್ರಾಸೇ. ಸಿಟಿ ಎಂದರೆ ಅಷ್ಟೇಕೆ ಇಷ್ಟ ಎಂದು ಒಮ್ಮೆ ಕೇಳಿದ್ದೆ. ಸೊಪ್ಪು ಬಿಡಿಸುತ್ತಾ, ತಲೆಯನ್ನೂ ಎತ್ತದೆ ಹೇಳಿದಳು.

“ಅಲ್ಲಿ ಯಾವೂರು ಅಂತ ಕೇಳ್ತಾರೆ. ಯಾವ ಕೇರಿ ಅಂತ ಕೇಳಲ್ಲ ಕಣಮ್ಮಾ.”

ಚಿಕ್ಕವಳಿದ್ದಾಗ ಅವಳನ್ನು ಮೇಲಿನ ಬೀದಿಯ ಅಂಗಡಿಗೆ ಉಪ್ಪು, ಸೀಮೆಎಣ್ಣೆ ತರಲು ಕಳಿಸುತ್ತಿದ್ದರಂತೆ. ಹೋಟೆಲಿನ ಮುಂದೆ ಬೋಂಡದ ವಾಸನೆಗೆ ಒಂದು ಗಳಿಗೆ ನಿಂತರೆ ‘ಏನೇ ನಿಂತ್ಕೊಂಡು ನೋಡ್ತೀಯ, ನಡಿ’ ಎನ್ನುತ್ತಿದ್ದರು. ಗುಡಿಯ ಮುಂದೆ ನಿಂತರೂ ನಡಿ, ಬಾವಿಯ ಹತ್ತಿರ ನಿಂತರೂ ನಡಿ. ಇದನ್ನೆಲ್ಲ ಅವಳು ನಗುತ್ತಲೇ ಹೇಳುತ್ತಿದ್ದಳು, ಅತ್ತೆಯ ಕಾಟ ಹೇಳಿಕೊಂಡಂತೆ. ಕೇಳಿದ ನಮಗೆ ಸಿಟ್ಟು ಬರುತ್ತಿತ್ತು, ಅವಳು ಅಷ್ಟರಲ್ಲಿ ಎದ್ದು ಒಲೆಯ ಕಡೆ ಹೋಗಿರುತ್ತಿದ್ದಳು.

ಹೊರಡುವ ಹಿಂದಿನ ಸಂಜೆ ಅವಳ ಮನೆಯ ಜಗಲಿಯ ಮೇಲೆ ಕ್ಲಾಸು. ಒಳಗಿನ ಗೋಡೆಯ ಮೇಲೆ ಬುದ್ಧನೂ ಇದ್ದಾನೆ, ಗಂಗಮ್ಮನೂ ಇದ್ದಾಳೆ, ಇಬ್ಬರಿಗೂ ಜಗಳವಿಲ್ಲ. ಹೊರಗೆ ದೊಡ್ಡಮ್ಮ ಅತ್ತಿಂದಿತ್ತ ಓಡಾಡುತ್ತಲೇ ಪಾಠ ಮಾಡುತ್ತಾಳೆ.

“ಹೊಸ ಚಪ್ಪಲಿ ಹಾಕ್ಕೊಂಡ್ ಬಂದೋರ್ನ ನಾನು ಕರ್ಕೊಂಡ್ ಹೋಗಲ್ಲ. ಕಾಲು ಕಚ್ಚುತ್ತೆ, ಆಮೇಲೆ ನಿಮ್ಮನ್ನ ಹೊರೋರ್ಯಾರು? ಹುರಿಹಿಟ್ಟು, ಬೆಲ್ಲ ಚೀಲದಲ್ಲಿರಲಿ, ಹೊತ್ತಿಗೆ ಸರಿಯಾಗಿ ಊಟ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ದಾರಿ ಕೇಳ್ಬೇಕಾದ್ರೆ ನಡ್ಕೊಂಡ್ ಹೋಗೋರ್ನ ಕೇಳ್ಬೇಡಿ, ಅವ್ರೂ ನಮ್ಮಂಗೆ ನೋಡಕ್ಕೆ ಬಂದೋರಿರ್ತಾರೆ. ಅಂಗಡಿ ಇಕ್ಕೊಂಡು ಕುಂತೋರ್ನ ಕೇಳಿ.”

“ಬಾತ್‌ರೂಮು?” ಎಂದಳು ಕಳೆದ ಸಲ ಮಂಗಮ್ಮ. ಪಕ್ಕದ ಮನೆಯವಳು, ಮೊದಲ ಸಲ ಹೊರಟಿದ್ದಳು.

“ಕಂಡ ಕಡೆ ಹೋಗ್ಬಿಡ್ಬೇಕು, ಬೇಕಾಗ್ಲಿ ಬೇಡವಾಗ್ಲಿ. ಎತ್ತರದ ಬಿಲ್ಡಿಂಗ್ ನೋಡ್ಬೇಕಾ, ಗೋಡೆ ಪಕ್ಕ ನಿಂತ್ಕೊಂಡು ನೋಡು, ನಡೀತಾ ನಡೀತಾ ಮೇಲೆ ನೋಡ್ಬೇಡ. ಇಳ್ಕೊಂಡಿರೋ ಲಾಡ್ಜಿನ ಬೋರ್ಡು ಫೋನಲ್ಲಿ ಫೋಟೋ ಹೊಡ್ಕೊಳಿ. ಮೊದಲ್ನೇ ಅಂಗಡೀಲಿ ಬರೀ ರೇಟ್ ಕೇಳಿ, ಕೊಳ್ಳೋದು ಆಮೇಲೆ.” ಆಮೇಲೆ ಬೆರಳೆತ್ತಿ, ಎಲ್ಲರ ಮುಖವನ್ನೂ ನೋಡಿ, ಕೊನೆಯದನ್ನು ಹೇಳಿದಳು. “ತಪ್ಪಿಸ್ಕೊಂಡ್ರೆ ನಿಂತ ಜಾಗ ಬಿಡಬೇಡಿ. ನಮ್ಮನ್ನ ಹುಡುಕಕ್ಕೆ ಹೋಗ್ಬೇಡಿ. ನಾನೇ ಬರ್ತೀನಿ.”

“ನೀನೇ ತಪ್ಪಿಸ್ಕೊಂಡ್ರೆ ದೊಡ್ಡಮ್ಮಾ?” ಎಂದ ನನ್ನ ತಮ್ಮ ಸುನೀಲ್.

“ನಾನ್ಯಾಕೋ ತಪ್ಪಿಸ್ಕೊಳ್ಲಿ?”

ಈ ಯಾವ ಪ್ರಯಾಣಕ್ಕೂ ದೊಡ್ಡಪ್ಪ ಮುನಿನಾರಾಯಣಪ್ಪ ಬಂದವನಲ್ಲ. ಅವನು ಪಂಚಾಯಿತಿಯ ನೀರುಗಂಟಿಯಾಗಿದ್ದವನು. ವಾಲ್ವ್ ತಿರುಗಿಸಿ, ನೀರು ಕೊನೆಯ ಮನೆ ಮುಟ್ಟುವ ತನಕ ಅಲ್ಲೇ ನಿಂತು ಕಾಯುವುದೇ ಅವನ ಬದುಕಾಗಿತ್ತು. ಮಾತು ಕಡಿಮೆ, ನಡಿಗೆ ಇನ್ನೂ ಕಡಿಮೆ. “ನೀನು ಒಂದ್ ಹೆಜ್ಜೆ ಇಡೋ ಹೊತ್ಗೆ ರೈಲು ಗುಂತಕಲ್ ದಾಟಿರ್ತದೆ” ಎಂದು ದೊಡ್ಡಮ್ಮ ಅವನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಳು. ಕಳೆದ ಡಿಸೆಂಬರಿನಲ್ಲಿ ಮುಂಬೈಗೆ, ಬಾಬಾಸಾಹೇಬರ ನೆನಪಿನ ದಿನಕ್ಕೆ ದಾದರಿಗೆ ಎಂದು ಹೊರಟಾಗ ಮಾತ್ರ ಅವನು ಬಿಳಿ ಅಂಗಿ ಒಗೆದು ಹಾಕಿಕೊಂಡ.

“ಇದಕ್ಕೆ ನಾನೂ ಬರ್ತೀನಿ” ಎಂದ.

ನಾನು, ಸುನೀಲ್, ಮಂಗಮ್ಮ ಎಲ್ಲ ಸೇರಿ ಹಿಂದೂಪುರದಲ್ಲಿ ರೈಲು ಹತ್ತಿದೆವು. ದಾದರಿನ ಆ ಜನಸಾಗರದಲ್ಲಿ ಕ್ಯೂ ನಿಂತು ನಮಸ್ಕಾರ ಮಾಡಿ ಬಂದೆವು. ಅಲ್ಲಿ ಯಾರೂ ತಪ್ಪಿಸಿಕೊಳ್ಳಲಿಲ್ಲ. ಆ ಕ್ಯೂನಲ್ಲಿ ದೊಡ್ಡಮ್ಮ ಎಷ್ಟು ಚಡಪಡಿಸಿದಳೆಂದರೆ, ಮುಂದಿದ್ದ ಮರಾಠಿ ಹೆಂಗಸು ಇವಳಿಗೆ ಮೈ ಸರಿಯಿಲ್ಲವೆಂದು ತಿಳಿದು ನೀರು ಕೊಟ್ಟಳು. ಮಾರನೆಯ ದಿನ ಊರು ನೋಡುವುದು, ರಾತ್ರಿ ವಾಪಸ್ ರೈಲು. ಮಧ್ಯಾಹ್ನ ಊಟ ಮುಗಿಸಿಕೊಂಡು ಗೇಟ್‌ವೇ ಆಫ್ ಇಂಡಿಯಾಕ್ಕೆ ಬಂದೆವು. ಸಮುದ್ರ ನೋಡಿದ ಮಂಗಮ್ಮ “ಅಯ್ಯೋ ದೇವುಡಾ, ಎಂತ ನೀಳ್ಳು!” ಎಂದು ತೆಲುಗಿಗಿಳಿದಳು. ನಾವೆಲ್ಲ ಫೋಟೋಗೆ ಎಂದು ನೀರಿನ ಅಂಚಿಗೆ ಹೋದೆವು. ದೊಡ್ಡಮ್ಮ ತನ್ನ ಬ್ಯಾಗನ್ನು, ಅದರೊಳಗಿದ್ದ ಫೋನಿನ ಸಮೇತ, ದೊಡ್ಡಪ್ಪನ ಹೆಗಲಿಗೆ ಹಾಕಿದಳು. “ಇಲ್ಲೇ ಈ ಕಂಬಿ ಹತ್ರ ನಿಂತಿರಯ್ಯ, ದೋಣಿಗೆ ಎಷ್ಟು ಅಂತ ಕೇಳ್ಕೊಂಡ್ ಬಂದ್ಬಿಡ್ತೀನಿ” ಎಂದು ಜನರ ನಡುವೆ ನುಗ್ಗಿ ಹೋದಳು.

ನಾವು ವಾಪಸ್ ಬಂದಾಗ ದೊಡ್ಡಪ್ಪ ಒಬ್ಬನೇ ನಿಂತಿದ್ದ.

ಮೊದಲಿಗೆ ನಾನು ನಕ್ಕೆ. ಎಲ್ಲೋ ಕಡಲೆಕಾಯಿಯವನ ಹತ್ತಿರ ಚೌಕಾಸಿ ಮಾಡುತ್ತಿರುತ್ತಾಳೆ ಎಂದೆ. ಆಮೇಲೆ ನಗು ನಿಂತಿತು. ಅವಳಿಗೆ ಫೋನಿಲ್ಲ, ಹಿಂದಿ ಬರುವುದು ಅಷ್ಟಕ್ಕಷ್ಟೆ, ನಂಬರು ಒಂದೂ ಬಾಯಿಪಾಠವಿಲ್ಲ. ಲಾಡ್ಜಿನ ಫೋಟೋ ಕೂಡ ಆ ಫೋನಿನಲ್ಲೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ನನಗೆ ಭಯಕ್ಕಿಂತ ಮೊದಲು ಸಿಟ್ಟೇ ಬಂದದ್ದು. ಸುನೀಲ್ ಅವಳ ಫೋಟೋ ತೋರಿಸಿಕೊಂಡು ದೋಣಿಯವರ ಹತ್ತಿರ ಹೋದ, ಪೊಲೀಸರ ಹತ್ತಿರ ಹೋದ. ಅವರು ಮೈಕಿನಲ್ಲಿ ಹೆಸರು ಕೂಗಿಸಿದರು. ‘ಗಂಗೂಲಾಮಾ’ ಎಂದು ಕೂಗಿದರೆ ನಮ್ಮೂರಿನ ಯಾರು ತಾನೇ ಓಗೊಟ್ಟಾರು! ನಾನು ಹೋಟೆಲುಗಳ ಹಿಂದಿನ ಬೀದಿಗಳಲ್ಲೆಲ್ಲ ಹುಡುಕಿ ಬಂದೆ. ದೋಣಿಯ ಟಿಕೆಟ್ಟಿನ ಕಡೆ ಹೋದ ಜನರನ್ನು ಬೇರೆ ಗೇಟಿನಿಂದ ಹೊರಗೆ ಬಿಡುತ್ತಾರೆ ಎಂದು ತಿಳಿದದ್ದು ಆಗಲೇ. ಅವಳು ಅಲ್ಲಿಂದ ಹೊರಬಿದ್ದಿರಬೇಕು, ಅಲ್ಲೂ ಇಂಥದೇ ಕಂಬಿ ಇದೆ, ಅಲ್ಲಿ ದೊಡ್ಡಪ್ಪ ಇಲ್ಲ.

“ದೊಡ್ಡಪ್ಪ, ನೀನೂ ಬಾ, ಒಂದ್ ರೌಂಡ್ ನೋಡಣ” ಎಂದೆ.

“ನಾನ್ ಬರಲ್ಲ ಕಣಮ್ಮ. ಇಲ್ಲೇ ನಿಂತಿರು ಅಂದವ್ಳೆ.”

“ಕೊನೇಪಕ್ಷ ಕೂತ್ಕೊ.”

“ಕುಂತ್ರೆ ಅವ್ಳಿಗೆ ಕಾಣಲ್ಲ.”

ಬಿಸಿಲು ಇಳಿಯಿತು. ನೀರು ಕೊಟ್ಟರೆ ಬೇಡ ಎಂದ, ಬಾತ್‌ರೂಮಿಗೆ ಹೋಗಬೇಕಾದೀತು ಎಂದು. ಒಮ್ಮೆ ಪೊಲೀಸಿನವನೊಬ್ಬ ಬಂದು ಮುಂದಕ್ಕೆ ಹೋಗಿ ಎಂದು ಕೈ ತೋರಿಸಿದ. ಪಕ್ಕದಲ್ಲೇ ಇದ್ದ ನಾನು ಬಾಯಿ ತೆರೆಯುವುದರೊಳಗೆ ದೊಡ್ಡಪ್ಪನೇ ಕನ್ನಡದಲ್ಲಿ “ನಮ್ಮೋಳು ಬರ್ಬೇಕು ಸಾ” ಎಂದ. ಅಷ್ಟೆ. ಆ ಪೊಲೀಸಿನವನಿಗೆ ಏನು ಅರ್ಥವಾಯಿತೋ, ತಲೆಯಾಡಿಸಿ ಹೋದ. ರೈಲಿನ ಹೊತ್ತು ಹತ್ತಿರವಾಗುತ್ತಿತ್ತು. ಮಂಗಮ್ಮ ಚೀಲಗಳ ಮೇಲೆ ಕೂತು ಅಳಲು ಶುರುಮಾಡಿದಳು. ನಾನು ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ, ಥೇಟ್ ದೊಡ್ಡಮ್ಮನ ಹಾಗೇ ಸುತ್ತುತ್ತಿದ್ದೆ. ಅವಳನ್ನು ಬಿಟ್ಟು ಊರಿಗೆ ಹೋಗುವುದು ಹೇಗೆ, ಹೋಗಿ ಅಮ್ಮನಿಗೆ ಏನು ಹೇಳುವುದು?

ಎದುರಿನ ದೊಡ್ಡ ಹೋಟೆಲಿನ ದೀಪಗಳು ಹತ್ತಿಕೊಂಡಾಗ ಅವಳು ಬಂದಳು. ಚಪ್ಪಲಿ ಕಿತ್ತು ಕೈಯಲ್ಲಿತ್ತು, ಸೆರಗು ಎಲ್ಲೋ, ಕೂದಲು ಎಲ್ಲೋ. ನಮ್ಮನ್ನು ನೋಡಲೇ ಇಲ್ಲ. ದೊಡ್ಡಪ್ಪನ ಮುಂದೆ ಬಂದು ನಿಂತು, ಅವನ ಅಂಗಿಯ ತೋಳು ಹಿಡಿದುಕೊಂಡಳು.

“ಇಲ್ಲೇ ಇದ್ಯಾ?”

“ಇನ್ನೆಲ್ಲಿರ್ಲಿ?”

ನನಗೆ ತಡೆಯಲಾಗಲಿಲ್ಲ. “ಎಲ್ಲಿ ಹೋಗಿದ್ದೆ ದೊಡ್ಡಮ್ಮ? ಎಲ್ಲಾರ್ಗೂ ಪಾಠ ಹೇಳ್ತೀಯಲ್ಲ, ಬಿಟ್ಟೋಗಿದ್ ಜಾಗಕ್ಕೆ ಒಂದ್ ಸಲ ಬಂದ್ ನೋಡ್ಬಾರ್ದಾಗಿತ್ತಾ?”

ಅವಳು ಬಸ್‌ಸ್ಟಾಂಡ್ ನೋಡಿದ್ದಳು, ಫುಟ್‌ಪಾತಿನಲ್ಲಿ ಮಲಗಿದವರ ಮುಖಗಳನ್ನೆಲ್ಲ ನೋಡಿದ್ದಳು, ಟೀ ಗಾಡಿಗಳ ಹಿಂದೆ, ಚರಂಡಿಯ ಪಕ್ಕದ ಗೋಡೆಗಳ ಹತ್ತಿರ ನೋಡಿದ್ದಳು. ಈ ಕಂಬಿಯ ಹತ್ತಿರಕ್ಕೆ ಮಾತ್ರ ಬಂದಿರಲಿಲ್ಲ. ಎಲ್ಲ ಕಡೆ ಮುಗಿದು, ಇನ್ನೆಲ್ಲೂ ಉಳಿಯದಿದ್ದಾಗ ಬಂದಿದ್ದಳು.

“ಇಂಥಾ ಜಾಗದಲ್ಲಿ ಅಷ್ಟೊತ್ತು ನಿಲ್ಲಕ್ಕೆ ಬಿಡ್ತಾರೆ ಅಂತ ನಂಗೇನೇ ಗೊತ್ತು?” ಎಂದಳು. “ಓಡ್ಸಿರ್ತಾರೆ ಅಂದ್ಕೊಂಡೆ. ಓಡ್ಸಿದ್ರೆ ಎಲ್ಲಿ ಹೋಗಿರ್ತಾನೋ ಅಲ್ಲೆಲ್ಲ ನೋಡ್ದೆ.”

ಸಿಟ್ಟಿನಲ್ಲಿ ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಬದಲಿಗೆ ಅತ್ತುಬಿಟ್ಟೆ.

ಸುನೀಲ್ ಚೀಲಗಳನ್ನೆತ್ತಿಕೊಂಡು ಟ್ಯಾಕ್ಸಿ ಕರೆದ. “ಬೇಗ ಬಾ ದೊಡ್ಡಮ್ಮ, ರೈಲು ಹೊರಟೋಗುತ್ತೆ.” ಯಾವಾಗಲೂ ಸ್ಟೇಷನ್ನಿಗೆ ಎಲ್ಲರಿಗಿಂತ ಮೊದಲು ಹೋಗಿ ಕಾಯಿಸುವವಳು ಅವಳೇ. ಅವತ್ತು ಅವಳು ಕದಲಲಿಲ್ಲ. ಚಪ್ಪಲಿಯನ್ನು ಕೆಳಗಿಟ್ಟು, ಕಂಬಿಗೆ ಬೆನ್ನು ಕೊಟ್ಟು, ಎದುರಿನ ದೀಪಗಳನ್ನೂ ಹಾದುಹೋಗುವ ಜನರನ್ನೂ ನೋಡತೊಡಗಿದಳು.

“ಇರೋ,” ಎಂದಳು. “ನಾನೂ ಒಂದ್ ಗಳಿಗೆ ಇಲ್ಲಿ ನಿಂತ್ಕೊಂತೀನಿ.”

ದೊಡ್ಡಪ್ಪ ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಸ್ವಲ್ಪ ಸರಿದು ಜಾಗ ಕೊಟ್ಟ.