ಕಂಬಳಿಯ ನಾಲ್ಕನೆಯ ತುದಿ

ಇವತ್ತು ಬೆಳಿಗ್ಗೆ ಚಳಿಗೆಂದು ಟ್ರಂಕಿನ ತಳದಿಂದ ಕಂಬಳಿ ತೆಗೆದೆ. ಕುರಿಯುಣ್ಣೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಸುಟ್ಟ ಸಕ್ಕರೆಯಂಥದು. ವೇದಿಕೆಗೆ ಹೊಗೆ ಬಿಡುವ ಯಂತ್ರದ್ದು. ವರ್ಷದ ಮೇಲಾಯಿತು. ಅದು ನಿಜವಾಗಿ ಉಳಿದಿದೆಯೋ, ನನ್ನ ಮೂಗಿಗೆ ಮಾತ್ರ ಬರುತ್ತಿದೆಯೋ, ನೀವೇ ಒಮ್ಮೆ ಮೂಸಿ ಹೇಳಬೇಕು.

ಆಗ ಅಪ್ಪ ಕಣ್ಣು ತೋರಿಸಲು ಹಿರೇಹಡಗಲಿಯಿಂದ ಬೆಂಗಳೂರಿಗೆ ಬಂದಿದ್ದ. ವಾಪಸು ಬಸ್ಸು ರಾತ್ರಿ ಒಂಬತ್ತಕ್ಕೆ. ನಮ್ಮ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟಿನೊಳಗೆ ಅಪ್ಪಂದಿರಿಗೂ ಪ್ರವೇಶವಿಲ್ಲ. ನಾನೋ, ತಿಂಗಳ ಹಿಂದೆಯೇ ಅದೇ ಸಂಜೆಗೆ ಡಾರ್ಕ್ ಸಿಂತ್‌ವೇವ್ ಕಾರ್ಯಕ್ರಮವೊಂದರ ಟಿಕೆಟ್ ತೆಗೆದಿಟ್ಟಿದ್ದೆ. ಸಿಂಥಸೈಜರಿನಿಂದ ಕತ್ತಲೆಯನ್ನೇ ಕಡೆದು ತೆಗೆದಂತಿರುವ ಸಂಗೀತ ಅದು. ಸಂಶೋಧನೆಯ ಅಂಕಿಅಂಶ ಜೋಡಿಸುವಾಗ ಇಯರ್‌ಫೋನಿನಲ್ಲಿ ಕೇಳುತ್ತೇನೆ. ನನ್ನಂಥ ಹೆಚ್ಚು ಮಾತಾಡದವಳು ಇಂಥದ್ದನ್ನು ಕೇಳುತ್ತಾಳೆಂದು ಯಾರಿಗೂ ಹೇಳಿರಲಿಲ್ಲ. ನಮ್ಮಪ್ಪ ಕುರಿ ಕಾಯುತ್ತಾನೆಂದೂ ಹೇಳಿರಲಿಲ್ಲ. ಬಾಗಿಲಲ್ಲಿ ಇನ್ನೊಂದು ಟಿಕೆಟ್ ಕೊಂಡು, ನನ್ನ ಎರಡು ಗುಟ್ಟುಗಳನ್ನೂ ಒಟ್ಟಿಗೆ ಒಳಗೆ ಕರೆದೊಯ್ದೆ.

ಬಯಲು ವೇದಿಕೆ. ಇನ್ನೂ ಬೆಳಕಿತ್ತು. ಮೊದಲ ಸದ್ದಿಗೇ ಎದೆಗೂಡು ಅದುರಿ, ಹಲ್ಲಿಗೆ ಹಲ್ಲು ತಾಗಿತು. ಕಿವಿಯೊಳಗೆ ಸಾಧುವಾಗಿದ್ದ ಹಾಡು ಇದೇನಾ ಎಂದು ದಿಗಿಲಾಯಿತು.

"ಬೋರಿನ ಮೋಟರ್ ನೀರಿಲ್ದ ಗಾಳಿ ಎಳದಂಗ ಐತಿ. ಬಂದ್ ಮಾಡಂತ ಹೇಳವ್ವ ಯಾರಿಗಾರ, ಸುಟ್ಟೀತು," ಎಂದ ಅಪ್ಪ ನನ್ನ ಕಿವಿಗೆ ಬಾಯಿಟ್ಟು.

"ಸುಮ್ನ ಕೇಳಪ್ಪ."

"ಮತ್ತ ಆ ಬಾರಿಸಾವ ಹೆಲ್ಮೆಟ್ ಯಾಕ ಹಾಕ್ಯಾನ? ಇಲ್ಲೂ ಪೊಲೀಸ್ರು ಹಿಡೀತಾರೇನು?"

ನಾನು ಎರಡು ಹೆಜ್ಜೆ ದೂರ ಸರಿದು ನಿಂತೆ. ಸದ್ದಿಗೆ ಹೆದರಿ ಸರಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ.

ಇಲ್ಲಿ ಒಂದು ವಿಷಯ ಹೇಳಬೇಕು. ಹಡಗಲಿ ಸೀಮೆಯವರಿಗೆ ಗೊತ್ತಿರುವುದೇ. ನಮ್ಮ ಕಡೆ ಜಾತ್ರೆಯಲ್ಲಿ ಕಾರಣಿಕ ನುಡಿಯುವ ದಿನ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ!" ಎಂದು ಕೂಗುತ್ತಾನೆ. ಬಯಲು ತುಂಬಿದ ಜನ ಉಸಿರು ಬಿಗಿಹಿಡಿಯುತ್ತಾರೆ. ಆ ಮೌನದಲ್ಲಿ ಅವನು ವರ್ಷದ ಮಳೆಬೆಳೆಯನ್ನು ಒಂದೇ ಮಾತಿನಲ್ಲಿ ನುಡಿದು ಮೇಲಿನಿಂದ ಬಿದ್ದುಬಿಡುತ್ತಾನೆ. ಕೆಳಗಿದ್ದವರು ಕಂಬಳಿಯೊಡ್ಡಿ ಹಿಡಿಯುತ್ತಾರೆ. ನಾನು ಹುಟ್ಟುವ ಮೊದಲಿನಿಂದ ಅಪ್ಪ ಆ ಕೆಳಗಿನವರಲ್ಲೊಬ್ಬ. ಸಾವಿರ ಜನ ಒಮ್ಮೆಲೇ ಸುಮ್ಮನಾದರೆಂದರೆ ಅಪ್ಪನ ಪಾಲಿಗೆ ಅದಕ್ಕೆ ಒಂದೇ ಅರ್ಥ: ಈಗ ಒಬ್ಬ ಬೀಳುತ್ತಾನೆ.

ಹೆಲ್ಮೆಟ್ಟಿನ ಕಲಾವಿದ ಕಬ್ಬಿಣದ ಅಟ್ಟಣಿಗೆ ಏರಿದ. ತುದಿಯಲ್ಲಿ ನಮಗೆ ಬೆನ್ನು ಮಾಡಿ ನಿಂತು ಕೈಯೆತ್ತಿದ. ಸದ್ದು ಕತ್ತರಿಸಿದಂತೆ ನಿಂತಿತು. ಜನರೂ ಒಮ್ಮೆಲೇ ಸುಮ್ಮನಾದರು. ಅವನು ಎರಡೂ ತೋಳು ಚಾಚಿ ಹಿಂದಕ್ಕೆ ಬಾಗಿದ.

"ಹರವ್ರಿ ಲೇ ಕಂಬಳಿ!"

ಅಪ್ಪ ಹೆಗಲ ಕಂಬಳಿ ಕೊಡವುತ್ತ ಜನರ ನಡುವೆ ಓಡಿದ. ಅಟ್ಟಣಿಗೆಯ ಬುಡದಲ್ಲಿ ನಿಂತು ಕೂಗಿದ. "ಯವ್ವಾ, ಆ ತುದಿ ಹಿಡಿ!"

ಎಲ್ಲರೂ ತಿರುಗಿ ನೋಡಿದರು, ಈತ ಯಾರನ್ನು ಕರೆಯುತ್ತಿದ್ದಾನೆಂದು. ನಾನೂ ಹಿಂದೆ ತಿರುಗಿ ನೋಡಿದೆ, ಬೇರೆ ಯಾರನ್ನೋ ಕರೆದನೆಂಬಂತೆ.

ಕೊರಳಿಗೆ ಮೊಳೆಯ ಪಟ್ಟಿ ಕಟ್ಟಿಕೊಂಡ ಹುಡುಗಿಯೊಬ್ಬಳು "ಕೊಡಿ ಅಂಕಲ್" ಎಂದು ಒಂದು ತುದಿ ಹಿಡಿದಳು. ಹಸಿರು ಕೂದಲಿನವನೊಬ್ಬ ಇನ್ನೊಂದನ್ನು ಹಿಡಿದ. ನಾಲ್ಕನೆಯದು ಹುಲ್ಲಿನ ಮೇಲೆ ಜೋತುಬಿದ್ದಿತ್ತು. ಸುತ್ತ ಮೊಬೈಲುಗಳು ಮೇಲೆದ್ದವು.

ಕಲಾವಿದ ಬೀಳಲಿಲ್ಲ. ಅವನ ಸೊಂಟಕ್ಕೆ ಕಂಬಿಗೆ ಬಿಗಿದ ಬೆಲ್ಟಿತ್ತು. ಸದ್ದು ಮತ್ತೆ ಅಪ್ಪಳಿಸಿತು, ಜನ ನಕ್ಕರು, ಹೊಗೆ ಕವಿಯಿತು. ಅಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಬಂದು, "ಬೀಳಲಿಲ್ಲ, ಪುಣ್ಯ," ಎಂದ.

ಬಸ್ಸು ಹತ್ತುವಾಗಷ್ಟೇ ಮತ್ತೆ ಆ ಮಾತೆತ್ತಿದ. "ನಾಕ್ ಮಂದಿ ಬೇಕಿತ್ತವ್ವ. ಮೂರ ಮಂದಿ ಸಿಕ್ರು. ಬಿದ್ದಿದ್ರ ಜಾರಿ ಹೋಗ್ತಿದ್ದ." ದನಿಯಲ್ಲಿ ದೂರು ಇರಲಿಲ್ಲ. ಕಂಬಳಿ ತೆಗೆದು ನನ್ನ ಕೈಗಿಟ್ಟ. "ಇಟ್ಕೋ. ಚಳಿ ಐತಿ ನಿಮ್ಮ ಊರಾಗ."

ಮರುದಿನ ರೂಮಿನ ಗೆಳತಿ ಶ್ರೇಯಾ ಮೊಬೈಲ್ ತೋರಿಸಿ ಬಿದ್ದು ಬಿದ್ದು ನಕ್ಕಳು. "ನೋಡೇ, ಯಾರೋ ಕಂಬಳಿ ಅಂಕಲ್!" ನಾನೂ ನೋಡಿದೆ. "ಯಾರೋ ಏನೋ" ಎಂದೆ. ಆಮೇಲೆ ಅವಳು ಸ್ನಾನಕ್ಕೆ ಹೋದಾಗ ಕಂಬಳಿಯನ್ನು ಟ್ರಂಕಿನ ತಳಕ್ಕೆ ತಳ್ಳಿದೆ.

ಇವತ್ತು ಅದನ್ನು ಕೊಡವುತ್ತಿದ್ದಾಗ ಶ್ರೇಯಾ ಹಾಸಿಗೆಯಿಂದಲೇ ಕತ್ತೆತ್ತಿ ನಕ್ಕಳು. "ಅಯ್ಯೋ, ಆ ಕಂಬಳಿ ಅಂಕಲ್‌ದು ಇದೇ ಥರ ಇತ್ತಲ್ಲ ಕಣೇ!"

"ಹೌದಾ" ಎಂಬ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು.

"ಥರ ಅಲ್ಲ, ಅದ ಕಂಬಳಿ," ಎಂದೆ. "ಅವ ನಮ್ಮಪ್ಪ."

ಆ ರೂಮಿನಲ್ಲಿ ನಮ್ಮೂರ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಶ್ರೇಯಾಳ ನಗು ನಿಂತಿತು. ಏನೂ ಸದ್ದಿಲ್ಲ. ಕೆಳಗೆ ನೋಡಿಕೊಂಡರೆ, ನನ್ನ ಎರಡೂ ಕೈ ಕಂಬಳಿಯ ತುದಿಯನ್ನು ಬಿಗಿಯಾಗಿ ಹಿಡಿದಿದ್ದವು.